ಕಲ್ಲುಗೋಡೆಯೂ ನಿಸ್ತಂತು ಅಲೆಯೂ

ಆಳಂದ, ಅಫಜಲಪುರ, ಜೇವರ್ಗಿಗಳ ಹಳೆಯ ಮನೆಗಳ ಗೋಡೆಗಳು ಬಲು ದಪ್ಪ. ಕಲ್ಲುಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಬೇಸಗೆಯ ಉರಿಬಿಸಿಲಿನಲ್ಲಿಯೂ ಒಳಗೆ ತಂಪು. ಆದರೆ ಬಿಸಿಲನ್ನು ತಡೆಯುವ ಈ ಗೋಡೆಯೇ ಇಂದು ಇನ್ನೊಂದನ್ನೂ ತಡೆಯುತ್ತಿದೆ. ಪಡಸಾಲೆಯಲ್ಲಿ ಸರಾಗವಾಗಿ ನಡೆಯುತ್ತಿದ್ದ ಪಾಠವು, ವಿದ್ಯಾರ್ಥಿಯು ಲ್ಯಾಪ್‌ಟಾಪನ್ನು ಒಳಕೋಣೆಗೆ ಒಯ್ದೊಡನೆ ತಡವರಿಸಿ ನಿಲ್ಲುತ್ತದೆ. ಅರ್ಜಿ ಸಲ್ಲಿಸುವ ಕಡೆಯ ದಿನವಾದರಂತೂ ಕೇಳುವುದೇ ಬೇಡ. ಹೆಚ್ಚು ಬೆಲೆಯ ರೌಟರನ್ನು ಕೊಂಡು ತಂದರೂ ತೊಂದರೆಯು ಹಾಗೆಯೇ ಉಳಿಯುವುದುಂಟು. ಇದೇಕೆ ಹೀಗೆ? ಹಣ ತೆರುವ ಮೊದಲು ಏನನ್ನು ವಿಚಾರಿಸಬೇಕು?

ವೈ-ಫೈ ಎಂಬುದು ರೇಡಿಯೋ ಅಲೆಗಳ ವ್ಯವಹಾರ. ಜಗದೀಶಚಂದ್ರ ಬೋಸರು 1895ರಲ್ಲಿ ಕಲ್ಕತ್ತೆಯಲ್ಲಿ ಇಂತಹ ಅಲೆಗಳನ್ನು ಗೋಡೆಯಾಚೆಗೆ ಕಳುಹಿಸಿ ಗಂಟೆ ಬಾರಿಸಿ ತೋರಿಸಿದರು. ಅಲೆಗಳು ಗೋಡೆಯನ್ನು ದಾಟಬಲ್ಲವು. ಆದರೆ ದಾಟುವಾಗ ಕ್ಷೀಣಿಸುತ್ತವೆ. ಲೋಹದ ತಗಡಾದರೋ ಅವುಗಳನ್ನು ಹಿಂದಕ್ಕೆ ಎಸೆಯುತ್ತದೆ.

ಮನೆಯ ರೌಟರುಗಳು ಸಾಮಾನ್ಯವಾಗಿ ಎರಡು ಪಟ್ಟಿಗಳಲ್ಲಿ ಕೆಲಸ ಮಾಡುತ್ತವೆ: ಒಂದು 2.4 ಗಿಗಾಹರ್ಟ್ಸ್, ಇನ್ನೊಂದು 5 ಗಿಗಾಹರ್ಟ್ಸ್. ಮೊದಲನೆಯದರ ಅಲೆಯುದ್ದ ಸುಮಾರು 12 ಸೆಂಟಿಮೀಟರು. ಎರಡನೆಯದರದು ಅದರ ಅರ್ಧದಷ್ಟು. ಉದ್ದದ ಅಲೆಯು ಗೋಡೆಯನ್ನು ಹೆಚ್ಚು ಚೆನ್ನಾಗಿ ದಾಟುತ್ತದೆ. ಗಿಡ್ಡ ಅಲೆಯ ಪಟ್ಟಿಯಲ್ಲಿ ಹೆಚ್ಚು ವೇಗ ದೊರೆಯುತ್ತದೆ, ಆದರೆ ದಪ್ಪ ಗೋಡೆಯಲ್ಲಿ ಅದು ಬೇಗ ಸೋಲುತ್ತದೆ. ಆದುದರಿಂದ ನಮ್ಮ ಕಲ್ಲುಮನೆಗಳಿಗೆ ಎರಡೂ ಪಟ್ಟಿಗಳುಳ್ಳ ರೌಟರೇ ಲೇಸು. ಅದೇ ಕೋಣೆಯಲ್ಲಿದ್ದಾಗ ಒಂದು, ಗೋಡೆಯಾಚೆಗೆ ಹೋದಾಗ ಇನ್ನೊಂದು.

ಇನ್ನು ಲ್ಯಾಪ್‌ಟಾಪಿನ ಕಡೆಗೆ ಬರೋಣ. ಮಾತನಾಡುವವನು ಇದ್ದರೆ ಸಾಲದು, ಕೇಳುವವನಿಗೂ ಆ ಭಾಷೆ ತಿಳಿದಿರಬೇಕಷ್ಟೆ. ವೈ-ಫೈ 4, 5, 6 ಎಂಬ ಹೆಸರುಗಳು ಕ್ರಮವಾಗಿ 2009, 2013, 2021ರ ಮಾನಕಗಳನ್ನು ಸೂಚಿಸುತ್ತವೆ. ಹಳೆಯ ಲ್ಯಾಪ್‌ಟಾಪಿನ ಕಾರ್ಡು 2.4 ಗಿಗಾಹರ್ಟ್ಸನ್ನು ಮಾತ್ರ ಬಲ್ಲದಾದರೆ, ಹೊಸ ರೌಟರಿನ ಇನ್ನೊಂದು ಪಟ್ಟಿಯು ಅದಕ್ಕೆ ಕಾಣುವುದೇ ಇಲ್ಲ. ಆಗ ಬೇಕಾದುದು ರೌಟರಲ್ಲ. ಎರಡು ಪಟ್ಟಿಗಳ ಒಂದು ಚಿಕ್ಕ ಯುಎಸ್‌ಬಿ ಅಡಾಪ್ಟರು.

ಪೆಟ್ಟಿಗೆಯ ಮೇಲೆ ಅಚ್ಚಾದ 300, 1200 ಮೊದಲಾದ ಅಂಕಿಗಳಿಗೆ ಮರುಳಾಗಕೂಡದು. ಅವು ಆದರ್ಶ ಸ್ಥಿತಿಯ ಲೆಕ್ಕಗಳು. ಅನೇಕ ವೇಳೆ ಎರಡೂ ಪಟ್ಟಿಗಳ ಮೊತ್ತ. ಜೇವರ್ಗಿಯ ರೈತನು ಹೊಲಗಾಲುವೆಯನ್ನು ಎಷ್ಟೇ ಅಗಲ ಮಾಡಲಿ, ತೂಬು ಬಿಟ್ಟಷ್ಟೇ ನೀರು ಹರಿಯುತ್ತದೆ. ಮನೆಗೆ ಬರುವ ಸಂಪರ್ಕವು ಸೆಕೆಂಡಿಗೆ 40 ಮೆಗಾಬಿಟ್ಟಿನದಾದರೆ, ಯಾವ ರೌಟರೂ ಅದನ್ನು 41 ಮಾಡಲಾರದು.

ಹಾಗಾದರೆ ಒಳಕೋಣೆಗೆ ಉಪಾಯವೇನು? ಮೊದಲು ರೌಟರನ್ನು ಮನೆಯ ನಡುವೆ, ಎತ್ತರದಲ್ಲಿ, ಬಾಗಿಲಿಗೆ ನೇರವಾಗಿ ಇರಿಸಿ ನೋಡಬೇಕು. ಕಬ್ಬಿಣದ ಕಪಾಟು, ನೀರಿನ ತೊಟ್ಟಿಗಳಿಂದ ದೂರವಿಡಬೇಕು. ಇದಕ್ಕೆ ಖರ್ಚಿಲ್ಲ. ಅದು ಸಾಲದಿದ್ದರೆ ಪುನರಾವರ್ತಕ ಯಂತ್ರ, ಅಂದರೆ ರಿಪೀಟರನ್ನು, ಅಲೆಯು ಇನ್ನೂ ಬಲವಾಗಿರುವ ನಡುದಾರಿಯಲ್ಲಿ ಇಡಬಹುದು. ಆದರೆ ಅದು ಒಂದೇ ಪಟ್ಟಿಯಲ್ಲಿ ಕೇಳಿ ಮತ್ತೆ ಹೇಳಬೇಕಾದುದರಿಂದ ವೇಗವು ಸುಮಾರು ಅರ್ಧಕ್ಕಿಳಿಯುತ್ತದೆ. ಎಲ್ಲಕ್ಕಿಂತ ನೆಚ್ಚತಕ್ಕದ್ದು ತಂತಿ: ಈಥರ್ನೆಟ್ ಕೇಬಲ್ಲು 100 ಮೀಟರಿನವರೆಗೆ ಮಾತನ್ನು ಕುಂದಿಲ್ಲದೆ ಒಯ್ಯುತ್ತದೆ, ಗೋಡೆಯ ದಪ್ಪವು ಅದಕ್ಕೆ ಲೆಕ್ಕಕ್ಕಿಲ್ಲ.

ಮತ್ತೆರಡು ಮಾತು. ಕರೆಂಟು ಹೋದರೆ ಲ್ಯಾಪ್‌ಟಾಪು ತನ್ನ ಬ್ಯಾಟರಿಯಿಂದ ನಡೆಯುತ್ತದೆ, ರೌಟರು ಆರುತ್ತದೆ. ಅನೇಕ ರೌಟರುಗಳಿಗೆ 12 ವೋಲ್ಟು ಸಾಕಾದುದರಿಂದ, ಅದಕ್ಕೆ ಹೊಂದುವ ಪುಟ್ಟ ಬ್ಯಾಟರಿ ಪೆಟ್ಟಿಗೆಯೊಂದನ್ನು ಜೋಡಿಸುವುದು ಜಾಣತನ. ಅಲೆಯು ನಮ್ಮ ಗೋಡೆಯನ್ನು ದಾಟಿ ಬೀದಿಗೂ ಹೋಗುವುದರಿಂದ, ರೌಟರಿನಲ್ಲಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಎಂಬ ರಕ್ಷಣೆಯೂ ಊಹಿಸಲಾಗದ ಗುಪ್ತಪದವೂ ಇರತಕ್ಕದ್ದು.

ಕೊಳ್ಳುವ ಮೊದಲು ಒಂದು ಸುಲಭ ಪ್ರಯೋಗ ಮಾಡೋಣ. ರೌಟರಿನ ಪಕ್ಕದಲ್ಲಿ ಕುಳಿತು ಲ್ಯಾಪ್‌ಟಾಪಿನಲ್ಲಿ ವೇಗವನ್ನು ಅಳೆಯೋಣ. ತರುವಾಯ ಒಳಕೋಣೆಯಲ್ಲಿ ಅಳೆಯೋಣ. ಪಕ್ಕದಲ್ಲಿಯೂ ನಿಧಾನವಾಗಿದ್ದರೆ ಗೋಡೆಯದು ತಪ್ಪಲ್ಲ. ದೋಷವು ಸಂಪರ್ಕದಲ್ಲಿಯೋ, ರೌಟರಿನಲ್ಲಿಯೋ, ಲ್ಯಾಪ್‌ಟಾಪಿನಲ್ಲಿಯೋ ಇದೆ. ಬೇರೊಂದು ಲ್ಯಾಪ್‌ಟಾಪನ್ನೋ ಮೊಬೈಲನ್ನೋ ಅಲ್ಲಿಯೇ ಇಟ್ಟು ನೋಡಿದರೆ ಮೂರನೆಯದು ಹೌದೋ ಅಲ್ಲವೋ ತಿಳಿಯುತ್ತದೆ. ಒಳಗೆ ಮಾತ್ರ ನಿಧಾನವಾದರೆ ತಡೆಯುವುದು ಗೋಡೆ. ರೋಗವನ್ನರಿತು ಮದ್ದು ಕೊಂಡರೆ ಹಣವೂ ಉಳಿಯುತ್ತದೆ, ಪಾಠವೂ ನಡೆಯುತ್ತದೆ.