ಸುಳಿವಿನ ಓದು: ಪತ್ತೇದಾರಿ ದೃಶ್ಯ ಕಾದಂಬರಿಯಿಂದ ಕನ್ನಡ ತರಗತಿಗೆ

ಪಾಠವನ್ನು ತಡೆಯಿಲ್ಲದೆ ಓದಿ ಮುಗಿಸಿದ ವಿದ್ಯಾರ್ಥಿಯನ್ನು “ಈ ಮಾತು ಹೇಳಿದವನಿಗೆ ಅದು ಹೇಗೆ ತಿಳಿಯಿತು?” ಎಂದು ಕೇಳಿದರೆ ಅವನು ಮೌನವಾಗುವುದುಂಟು. ಅಕ್ಷರವನ್ನು ಓದುವುದು ಒಂದು ಕೌಶಲ. ಅಕ್ಷರದ ಹಿಂದಿರುವ ಸುಳಿವನ್ನು ಓದುವುದು ಮತ್ತೊಂದು. ಹೊಸೂರು, ತಳಿ, ಡೆಂಕಣಿಕೋಟೆ, ಬಾಗಲೂರುಗಳ ಕನ್ನಡ ಮಾಧ್ಯಮದ ಮಗುವಿಗೆ ಈ ಎರಡನೆಯ ಕೌಶಲ ವಿಶೇಷವಾಗಿ ಅಗತ್ಯ. ಅಂಗಡಿಯ ಫಲಕ, ಬಸ್ಸಿನ ಹೆಸರು, ಕಚೇರಿಯ ಅರ್ಜಿ, ಇವೆಲ್ಲ ತಮಿಳಿನಲ್ಲಿರುವಾಗ ಕನ್ನಡವು ಪಠ್ಯಪುಸ್ತಕದ ಒಳಗೇ ಉಳಿದುಬಿಡುವ ಅಪಾಯವಿದೆ. ಕನ್ನಡದಲ್ಲಿ ಯೋಚಿಸಿ ಏನನ್ನಾದರೂ ಕಂಡುಹಿಡಿದೆನೆಂಬ ಸಂತೋಷ ದೊರೆತಾಗ ಮಾತ್ರ ಆ ಭಾಷೆ ಮಗುವಿನ ಸ್ವಂತದ್ದಾಗುತ್ತದೆ. ಇದಕ್ಕೆ ನೆರವಾಗಬಲ್ಲ ಒಂದು ಆಧುನಿಕ ಕಥಾಪ್ರಕಾರವನ್ನು ಇಲ್ಲಿ ಪರಿಚಯಿಸಲಾಗಿದೆ.

ದೃಶ್ಯ ಕಾದಂಬರಿ ಎಂದರೇನು?

ವಿಷುಯಲ್ ನಾವೆಲ್ ಅಥವಾ ದೃಶ್ಯ ಕಾದಂಬರಿಯು ಓದುತ್ತಲೇ ಆಡುವ ವಿಡಿಯೋ ಗೇಮ್. ಪರದೆಯ ಮೇಲೆ ಚಿತ್ರವೊಂದು, ಅದರ ಕೆಳಗೆ ಪಾತ್ರಗಳ ಮಾತು. ಅಲ್ಲಲ್ಲಿ ಓದುಗನು ಮುಂದಿನ ದಾರಿಯನ್ನು ಆರಿಸಬೇಕು. ಓಟ, ಗುಂಡಿನ ಕಾಳಗಗಳಿಗಿಂತ ಓದೇ ಇಲ್ಲಿ ಮುಖ್ಯ. ಜಪಾನಿನಲ್ಲಿ 1983ರಲ್ಲಿ ಯೂಜಿ ಹೊರೀ ರಚಿಸಿದ, ಪೋರ್ಟೋಪಿಯಾ ಕೊಲೆ ಪ್ರಕರಣದ ಆಟವು ಈ ಪ್ರಕಾರದ ಪೂರ್ವಜರಲ್ಲಿ ಒಂದು. ಅದರಲ್ಲಿ ಆಡುವವನೇ ಪತ್ತೇದಾರನಾಗಿ ಸಾಕ್ಷಿಗಳನ್ನು ವಿಚಾರಿಸಬೇಕಿತ್ತು.

ಕೇಳುಗನಿಂದ ಉತ್ತರ ಬೇಡುವ ಕಥೆ ನಮಗೆ ಹೊಸದಲ್ಲ. ಬೇತಾಳನು ಪ್ರತಿ ಕಥೆಯ ಕೊನೆಯಲ್ಲಿ ವಿಕ್ರಮನ ಮುಂದೆ ಪ್ರಶ್ನೆಯನ್ನಿಡುತ್ತಾನೆ. ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯನವರು ಅಸಂಖ್ಯಾತ ಸಾಮಾನ್ಯ ಓದುಗರಿಗೆ ಕನ್ನಡ ಓದಿನ ರುಚಿ ಹಚ್ಚಿದವರು.

ಎರಡು ಪ್ರಯೋಗಗಳು

ಈ ಪ್ರಕಾರದ ಎರಡು ಪ್ರಯೋಗಶೀಲ ಕೃತಿಗಳು ಭಾಷಾ ಶಿಕ್ಷಕರ ಗಮನಕ್ಕೆ ಅರ್ಹವಾಗಿವೆ.

ಮೊದಲನೆಯದು 2007ರಿಂದ 2010ರ ನಡುವೆ ಎಂಟು ಭಾಗಗಳಲ್ಲಿ ಪ್ರಕಟವಾದ ಜಪಾನೀ ಕೃತಿ ‘ಉಮಿನೆಕೊ ನೊ ನಾಕು ಕೊರೊ ನಿ’. ಇದರಲ್ಲಿ ದಾರಿ ಆರಿಸುವ ಅವಕಾಶ ಬಹುತೇಕ ಇಲ್ಲವೇ ಇಲ್ಲ; ಓದುಗನು ಆಡಬೇಕಾದದ್ದು ತನ್ನ ಮನಸ್ಸಿನಲ್ಲಿ. ಕೆಂಪು ಅಕ್ಷರದಲ್ಲಿ ಬಂದ ಮಾತು ನಿಜವೆಂಬುದು ಕಥೆಯೊಳಗಿನ ನಿಯಮ. ಉಳಿದ ಯಾವ ಮಾತನ್ನೂ ಪರೀಕ್ಷಿಸದೆ ನಂಬುವಂತಿಲ್ಲ.

ಎರಡನೆಯದು 2015ರಲ್ಲಿ ಸ್ಯಾಮ್ ಬಾರ್ಲೋ ಹೊರತಂದ ‘ಹರ್ ಸ್ಟೋರಿ’. ಇದು ಚಿತ್ರದ ಬದಲು ವಿಡಿಯೋ ಬಳಸುವ, ದೃಶ್ಯ ಕಾದಂಬರಿಗೆ ಸಮೀಪದ ಆಟ. 1994ರಲ್ಲಿ ನಡೆದುದೆಂದು ಕಲ್ಪಿಸಿದ ಪೊಲೀಸ್ ವಿಚಾರಣೆಯ ತುಣುಕುಗಳು ಅದರಲ್ಲಿವೆ. ಪೊಲೀಸರ ಪ್ರಶ್ನೆ ಕೇಳಿಸುವುದಿಲ್ಲ. ಮಹಿಳೆಯೊಬ್ಬಳ ಉತ್ತರ ಮಾತ್ರ ಕೇಳಿಸುತ್ತದೆ. ಆಡುವವನು ಒಂದು ಪದವನ್ನು ಬೆರಳಚ್ಚಿಸಿದರೆ ಆ ಪದವಿರುವ ಮೊದಲ ಐದು ತುಣುಕುಗಳಷ್ಟೇ ತೆರೆಯುತ್ತವೆ. ಎಲ್ಲೆಡೆ ಬಳಕೆಯಾಗುವ ಪದದಿಂದ ಹೆಚ್ಚು ಪ್ರಯೋಜನವಿಲ್ಲ. ಉತ್ತರವನ್ನು ಕಿವಿಗೊಟ್ಟು ಕೇಳಿ, ಅದರೊಳಗಿನ ವಿಶಿಷ್ಟ ಪದವೊಂದನ್ನು ಹಿಡಿದರೆ ಮಾತ್ರ ಮುಂದಿನ ಬಾಗಿಲು ತೆರೆಯುತ್ತದೆ.

ಈ ಕೃತಿಗಳಲ್ಲಿ ಕೊಲೆ, ಹಿಂಸೆಗಳ ಪ್ರಸಂಗಗಳಿರುವುದರಿಂದ ಅವುಗಳನ್ನು ಮಕ್ಕಳ ಕೈಗೆ ಕೊಡತಕ್ಕದ್ದಲ್ಲ. ಶಿಕ್ಷಕರು ಅವುಗಳ ವಿಧಾನವನ್ನು ಎರವಲು ಪಡೆದರೆ ಸಾಕು. ಇದಕ್ಕೆ ಗಣಕಯಂತ್ರವೂ ಬೇಕಿಲ್ಲ.

ಚೀಟಿಗಳ ಆಟ

ಸನ್ನಿವೇಶವೊಂದನ್ನು ಕಲ್ಪಿಸಿಕೊಳ್ಳೋಣ: ಶಾಲೆಯ ಗಂಟೆ ರಾತ್ರೋರಾತ್ರಿ ಕಾಣೆಯಾಗಿದೆ. ಕಾವಲುಗಾರ ತಾತನ ಹೇಳಿಕೆಯನ್ನು ಶಿಕ್ಷಕರು ಇಪ್ಪತ್ತು ಚೀಟಿಗಳಲ್ಲಿ ಬರೆದು, ಕ್ರಮಸಂಖ್ಯೆ ಹಾಕಿ ತಮ್ಮ ಬಳಿ ಇರಿಸಿಕೊಳ್ಳಬೇಕು. ತಂಡವೊಂದು ಒಂದು ಪದವನ್ನು ಕೇಳಿದರೆ, ಆ ಪದವಿರುವ ಮೊದಲ ಮೂರು ಚೀಟಿಗಳನ್ನು ಮಾತ್ರ ಓದಿ ಹೇಳಬೇಕು. ಮಾದರಿಗೆ ನಾಲ್ಕು ಚೀಟಿಗಳು:

1. “ಸಂಜೆ ಆರು ಗಂಟೆಗೆ ನಾನೇ ಬೀಗ ಹಾಕಿದೆ.”
4. “ರಾತ್ರಿ ಯಾರೋ ಬಂದರಂತೆ.”
7. “ಏಣಿ ತಂದವಳು ತಿರುಗಿ ನೋಡದೆ ಕಂಚುಗಾರರ ಬೀದಿಯ ಕಡೆ ನಡೆದಳು.”
16. “ಬಿರುಕು ಬಿಟ್ಟ ಗಂಟೆಯನ್ನು ಕಂಚುಗಾರರು ಹಾಗೆಯೇ ಬಿಡುವರೇ?”

ಮಕ್ಕಳು ಮೊದಲು ಕೇಳುವುದು ‘ಗಂಟೆ’ ಎಂಬ ಪದವನ್ನೇ. ಆದರೆ ಕನ್ನಡದಲ್ಲಿ ಗಂಟೆಯೆಂದರೆ ಕಾಲವೂ ಹೌದು. ಮೊದಲ ಚೀಟಿಯಂತೆಯೇ ಇನ್ನೆರಡು ಚೀಟಿಗಳಲ್ಲಿಯೂ ಹೊತ್ತಿನ ‘ಗಂಟೆ’ ಬರುವಂತೆ ಬರೆದರೆ, ಹದಿನಾರನೆಯ ಚೀಟಿ ಹೊರಗೇ ಉಳಿಯುತ್ತದೆ. ನಾನಾರ್ಥವನ್ನು ಮಕ್ಕಳು ಪಟ್ಟಿಯಿಂದಲ್ಲ, ಸೋಲಿನಿಂದ ಕಲಿಯುತ್ತಾರೆ. ಗಂಟೆ ಎತ್ತರದಲ್ಲಿರುವುದರಿಂದ ‘ಏಣಿ’ ಎಂದು ಕೇಳೋಣವೆಂದು ಒಂದು ಮಗುವಿಗೆ ಹೊಳೆಯಬಹುದು. ಅಲ್ಲಿಂದ ‘ಕಂಚುಗಾರ’, ಅಲ್ಲಿಂದ ಬಿರುಕು ಬಿಟ್ಟ ಗಂಟೆ. ಕಳವೇ ನಡೆದಿಲ್ಲ, ಗಂಟೆ ದುರಸ್ತಿಗೆ ಹೋಗಿದೆ. ‘ಬಂದರಂತೆ’ ಎಂಬ ಚೀಟಿ ಬೇಕಾದರೆ ‘ಬರು’ ಎಂಬ ಧಾತುವನ್ನೇ ಕೇಳಬೇಕೆಂದು ನಿಯಮ ಮಾಡಿದರೆ ಧಾತು ಗುರುತಿಸುವ ಅಭ್ಯಾಸವೂ ಆಗುತ್ತದೆ.

ವ್ಯಾಕರಣವೇ ಸಾಕ್ಷಿ

ಆಟದ ತಿರುಳು ಇರುವುದು ನಾಲ್ಕು ಮತ್ತು ಏಳನೆಯ ಚೀಟಿಗಳ ನಡುವೆ. ‘ಬಂದರಂತೆ’ ಎಂದವನು ತಾನು ಕಂಡಿಲ್ಲ, ಕೇಳಿದ್ದೇನೆ ಎನ್ನುತ್ತಿದ್ದಾನೆ. ‘ಬಂದರು’ ಎಂಬ ಬಹುವಚನದಲ್ಲಿ ಬಂದವರು ಗಂಡೋ ಹೆಣ್ಣೋ ತಿಳಿಯದು. ಏಳರಲ್ಲಿ ‘ತಂದವಳು’, ‘ನಡೆದಳು’ ಎಂದಾಗ ಅವನು ಕಣ್ಣಾರೆ ಕಂಡಂತೆ ಮಾತನಾಡುತ್ತಿದ್ದಾನೆ. ಹಾಗಾದರೆ ತಾತ ಮೊದಲು ಏನನ್ನೋ ಮರೆಮಾಚಿದನೇ? ಈ ಪ್ರಶ್ನೆಯನ್ನು ಮಗು ತಾನಾಗಿಯೇ ಕೇಳಿದ ಕ್ಷಣದಲ್ಲಿ ಕ್ರಿಯಾಪದದ ಪ್ರತ್ಯಯವು ಅದಕ್ಕೆ ಬಾಯಿಪಾಠದ ವಸ್ತುವಾಗಿ ಉಳಿಯುವುದಿಲ್ಲ, ಸಾಕ್ಷಿಯಾಗುತ್ತದೆ. ಜಪಾನೀ ಕೃತಿಯು ಕೆಂಪು ಬಣ್ಣದಿಂದ ಮಾಡಿದ ಖಚಿತ ಮಾತು, ಅನುಮಾನದ ಮಾತುಗಳ ವಿಂಗಡಣೆಗೆ ಕನ್ನಡವು ‘ಅಂತೆ’, ‘ಇರಬೇಕು’, ‘ಇರಬಹುದು’ ಎಂಬ ರೂಪಗಳನ್ನು ಇಟ್ಟುಕೊಂಡಿದೆ.

ನಮ್ಮ ಗಡಿಯ ಮಕ್ಕಳಿಗೆ ಇಲ್ಲಿ ಒಂದು ಅನುಕೂಲವುಂಟು. 2006ರ ಕಾಯಿದೆಯಂತೆ ಅವರು ತಮಿಳನ್ನೂ ಕಲಿಯುತ್ತಾರೆ. ಅನೇಕರ ಮನೆಮಾತು ತೆಲುಗು. ಕನ್ನಡದ ‘ಬಂದನಂತೆ’ ತಮಿಳಿನಲ್ಲಿ ‘ವಂದಾನಾಂ’, ತೆಲುಗಿನಲ್ಲಿ ‘ವಚ್ಚಾಡಟ’. ಮೂರರಲ್ಲಿಯೂ ಕೇಳಿದ ಸುದ್ದಿಗೆ ಬೇರೆ ಗುರುತಿದೆ. ಆದರೆ “ನಾವು ಬಾವಿಯ ಬಳಿ ಕುಳಿತಿದ್ದೆವು” ಎಂಬ ಚೀಟಿಯಲ್ಲಿ, ಕೇಳುತ್ತಿರುವವನೂ ಆ ಗುಂಪಿನಲ್ಲಿದ್ದನೇ ಎಂಬುದನ್ನು ಕನ್ನಡದ ‘ನಾವು’ ತಿಳಿಸುವುದಿಲ್ಲ. ತಮಿಳು ‘ನಾಮ್’, ‘ನಾಂಗಳ್’ ಎಂದೂ ತೆಲುಗು ‘ಮನಮು’, ‘ಮೇಮು’ ಎಂದೂ ಅದನ್ನು ಬೇರ್ಪಡಿಸುತ್ತವೆ. “ಈ ವಾಕ್ಯವನ್ನು ತಮಿಳಿನಲ್ಲಿ ಹೇಳಬೇಕಾದರೆ ಯಾವ ಪದ ಆರಿಸುವಿರಿ?” ಎಂದು ಕೇಳಿದೊಡನೆ ತರಗತಿಯಲ್ಲಿ ಚರ್ಚೆ ಹುಟ್ಟುತ್ತದೆ. ಮಗುವಿನ ಇತರ ಭಾಷೆಗಳು ಆಗ ಕನ್ನಡಕ್ಕೆ ಅಡ್ಡಿಯಾಗದೆ ಬೆಳಕಾಗುತ್ತವೆ.

ಮಕ್ಕಳೇ ಕರ್ತೃಗಳಾಗಲಿ

ಮೂರು ನಾಲ್ಕು ಬಾರಿ ಆಡಿದ ಮೇಲೆ ಚೀಟಿಗಳನ್ನು ಬರೆಯುವ ಕೆಲಸವನ್ನು ಮಕ್ಕಳಿಗೇ ವಹಿಸಬೇಕು. ಪ್ರತಿ ಚೀಟಿಗೊಂದು ಚಿತ್ರ ಬರೆದು ಗೋಡೆಗೆ ಅಂಟಿಸಿದರೆ ಅದೇ ದೃಶ್ಯ ಕಾದಂಬರಿ. ವಸ್ತುವಿಗೆ ದೂರ ಹೋಗಬೇಕಿಲ್ಲ. ಈ ಸೀಮೆಯಲ್ಲಿ ವೀರಗಲ್ಲುಗಳಿವೆ. ಸಾಮಾನ್ಯವಾಗಿ ಅವುಗಳ ಕೆಳಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ದೇವಸಾನ್ನಿಧ್ಯ. ಕೆಳಗಿನಿಂದ ಮೇಲಕ್ಕೆ ಓದಬೇಕಾದ ಚಿತ್ರಕಥೆಯದು. ಆ ವೀರ ಯಾರು, ಏಕೆ ಮಡಿದ, ಕಲ್ಲು ನೆಡಿಸಿದವರು ಯಾರು ಎಂಬ ಪ್ರಶ್ನೆಗಳೇ ಒಂದು ರಹಸ್ಯಕಥೆಗೆ ಸಾಕು. ಗಣಕಯಂತ್ರವಿರುವ ಶಾಲೆಗಳಲ್ಲಿ ‘ಟ್ವೈನ್’ ಎಂಬ ಉಚಿತ ತಂತ್ರಾಂಶದಲ್ಲಿ ಯುನಿಕೋಡ್ ಕನ್ನಡದಲ್ಲಿಯೇ ಬರೆದು, ಕವಲೊಡೆಯುವ ಕಥೆಯನ್ನು ಬ್ರೌಸರಿನಲ್ಲಿ ತೆರೆಯಬಹುದು.

ಮೌಲ್ಯಮಾಪನದಲ್ಲಿ ಸರಿಯುತ್ತರಕ್ಕಿಂತ ಅದಕ್ಕೆ ಕೊಟ್ಟ ಆಧಾರಕ್ಕೆ ಹೆಚ್ಚಿನ ಅಂಕವಿರಲಿ. “ಯಾವ ಚೀಟಿ? ಅದರ ಯಾವ ಪದ?” ಎಂಬ ಎರಡು ಪ್ರಶ್ನೆಗಳನ್ನು ಶಿಕ್ಷಕರು ಪ್ರತಿ ಬಾರಿಯೂ ಕೇಳಬೇಕು. ಅವುಗಳಿಗೆ ಕನ್ನಡದಲ್ಲಿ ಉತ್ತರಿಸಲು ಕಲಿತ ಮಗು ನಾಳೆ ಪತ್ರಿಕೆಯ ಸುದ್ದಿಯನ್ನೂ, ಮೊಬೈಲಿಗೆ ಬಂದ ವದಂತಿಯನ್ನೂ ಅದೇ ಎಚ್ಚರದಿಂದ ಓದಬಲ್ಲದು.