ರಸಬಾಳೆಯ ಬಿಸಿ ಪಾಯಸ

ಕಪಿಲೆಯ ದಂಡೆಯ ಸುತ್ತೂರು, ನಂಜನಗೂಡು, ತಿರುಮಕೂಡಲು ನರಸೀಪುರಗಳ ಸೀಮೆಯಲ್ಲಿ ಬಾಳೆಹಣ್ಣಿಲ್ಲದ ಎಡೆಯು ಪೂರ್ಣವೆನಿಸದು. ಹಣ್ಣನ್ನು ಕಿವುಚಿ, ಬೆಲ್ಲ, ಕಾಯಿಹಾಲು ಬೆರೆಸಿದ ರಸಾಯನವನ್ನು ಎಲ್ಲರೂ ಬಲ್ಲರು. ಅದು ಬೇಸಿಗೆಗೆ ತಕ್ಕುದು. ಸುತ್ತೂರು ಜಾತ್ರೆ ನಡೆಯುವ ಪುಷ್ಯಮಾಸದ ಚಳಿಗೆ ಅದೇ ಹಣ್ಣಿನ ಬಿಸಿ ಪಾಯಸವು ಹಿತಕರ. ಹಲ್ಲಿಲ್ಲದ ಹಿರಿಯರಿಗೂ ಎಳೆಯ ಮಕ್ಕಳಿಗೂ ಅದು ಸುಲಭವಾಗಿ ಸಲ್ಲುತ್ತದೆ.

ಐದಾರು ಮಂದಿಗೆ ಚೆನ್ನಾಗಿ ಕಳಿತ 6 ರಸಬಾಳೆ, 150 ಗ್ರಾಂ ಬೆಲ್ಲ, ಒಂದು ತೆಂಗಿನಕಾಯಿ, 2 ಚಮಚ ತುಪ್ಪ, 4 ಏಲಕ್ಕಿ ಸಾಕು. ಕಾಯಿ ತುರಿದು ರುಬ್ಬಿ, ಮೊದಲ ಗಟ್ಟಿಹಾಲನ್ನೂ ಎರಡನೆಯ ತೆಳುಹಾಲನ್ನೂ ಬೇರೆ ಬೇರೆಯಾಗಿ ಹಿಂಡಿಡಬೇಕು. ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಸೋಸಬೇಕು. ಹಣ್ಣಿನ ಬಿಲ್ಲೆಗಳನ್ನು ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಬಾಡಿಸಿ, ಅರ್ಧದಷ್ಟನ್ನು ಸೌಟಿನಿಂದ ಮಸೆದು, ಬೆಲ್ಲದ ನೀರನ್ನೂ ತೆಳುಹಾಲನ್ನೂ ಎರೆದು ಹತ್ತು ನಿಮಿಷ ಕುದಿಸಬೇಕು. ಒಲೆಯಿಂದ ಇಳಿಸಿದ ಮೇಲೆಯೇ ಗಟ್ಟಿಹಾಲನ್ನೂ ಏಲಕ್ಕಿಯ ಪುಡಿಯನ್ನೂ ಸೇರಿಸತಕ್ಕದ್ದು. ಗಟ್ಟಿಹಾಲು ಕುದಿದರೆ ಒಡೆದು ಎಣ್ಣೆ ಬಿಡುತ್ತದೆ. ಹಸುವಿನ ಹಾಲನ್ನು ಬಳಸುವವರು ಪಾಯಸ ಉಗುರುಬೆಚ್ಚಗಾದ ಬಳಿಕ ಬೆರೆಸಲಿ. ಕುದಿಯುವ ಬೆಲ್ಲಕ್ಕೆ ಬಿದ್ದ ಹಾಲು ಒಡೆಯುವ ಸಂಭವವುಂಟು.

ಹಣ್ಣು ಕಳಿತಂತೆಲ್ಲ ಅದರ ಪಿಷ್ಟವು ಸಕ್ಕರೆಯಾಗುತ್ತದೆ. ಆದುದರಿಂದ ಸಿಪ್ಪೆ ಕಪ್ಪಾಯಿತೆಂದು ನಾವು ತಿಪ್ಪೆಗೆಸೆಯುವ ಹಣ್ಣೇ, ಒಳಗೆ ಕೆಟ್ಟಿರದಿದ್ದರೆ, ಈ ಪಾಯಸಕ್ಕೆ ಶ್ರೇಷ್ಠ. ಅದಕ್ಕೆ ಬೆಲ್ಲವೂ ಕಡಿಮೆ ಸಾಕು. ಸಕ್ಕರೆ ಕಾಯಿಲೆಯುಳ್ಳವರು ಮಾತ್ರ ರುಚಿಗೆ ಒಂದೆರಡು ಚಮಚಕ್ಕೆ ನಿಲ್ಲಿಸುವುದು ಲೇಸು.

ಆದರೆ ನಿಜವಾದ ನಂಜನಗೂಡಿನ ರಸಬಾಳೆಯೇ ಇಂದು ವಿರಳವಾಗಿದೆ. ತೆಳುಸಿಪ್ಪೆಯ, ಸುವಾಸನೆಯ ಈ ಹಣ್ಣಿಗೆ 2005-06ರ ಸಾಲಿನಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಆದರೆ ಮಾನ್ಯತೆಯಿಂದ ರೋಗ ನಿಲ್ಲದು. ಪನಾಮಾ ಸೊರಗು ರೋಗವೆಂಬ ಮಣ್ಣಿನ ಶಿಲೀಂಧ್ರವು ಬೇರಿನಿಂದ ಒಳಹೊಕ್ಕು ಗಿಡದ ನೀರಿನ ನಾಳಗಳನ್ನು ಮುಚ್ಚುತ್ತದೆ. ಎಲೆ ಹಳದಿಯಾಗಿ ಜೋತುಬೀಳುತ್ತದೆ. ಒಮ್ಮೆ ನೆಲ ಸೇರಿದರೆ ಅದು ದಶಕಗಳ ಕಾಲ ಅಲ್ಲಿಯೇ ಉಳಿಯುತ್ತದೆ. ರೋಗದ ತೋಟದ ಕಂದುಗಳ ಮೂಲಕ, ಹರಿಯುವ ನೀರಿನ ಮೂಲಕ ಅದು ನೆರೆಯ ಹೊಲವನ್ನೂ ಸೇರುತ್ತದೆ. ಆದುದರಿಂದ ಹಿತ್ತಿಲಲ್ಲಿ ಎರಡು ಗಿಡ ನೆಡುವವರೂ ಅಂಗಾಂಶ ಕೃಷಿಯ ರೋಗರಹಿತ ಸಸಿಗಳನ್ನೇ ತರಬೇಕು. ನೆಂಟರ ತೋಟದ ಕಂದನ್ನು ಸಲಿಗೆಯಿಂದ ಕಿತ್ತು ತರುವ ರೂಢಿಯನ್ನು ಬಿಡಬೇಕು. ರಸಬಾಳೆ ಸಿಗದ ಮನೆಗಳಲ್ಲಿ ಏಲಕ್ಕಿ ಬಾಳೆಯಿಂದಲೂ ಈ ಪಾಯಸವನ್ನು ಮಾಡಬಹುದು. ಆಗ ಹಣ್ಣಿನ ಸಂಖ್ಯೆ ಹತ್ತಾಗಲಿ.

ನಮ್ಮ ಸಂಪ್ರದಾಯದಲ್ಲಿ ಅರ್ಪಿತವಾಗುವ ಮುನ್ನ ಅನ್ನವು ಪದಾರ್ಥ. ಲಿಂಗಾರ್ಪಿತವಾದ ಮೇಲೆ ಪ್ರಸಾದ. ಪ್ರಸಾದವನ್ನು ಎಡೆಯಲ್ಲಿ ಉಳಿಸುವುದು ಸಲ್ಲದು. ಉಣ್ಣುವವನು ಉಳಿಸದಂತೆಯೇ ಬೆಳೆಯುವ ನೆಲವೂ ಕೆಡದಂತೆ ನೋಡಿಕೊಳ್ಳುವುದು ಅದೇ ನಿಷ್ಠೆಯ ಮುಂದುವರಿಕೆಯೆಂದು ನಾವು ಭಾವಿಸುತ್ತೇವೆ. ಗೃಹಿಣಿಯರು ಈ ಪಾಯಸವನ್ನು ಒಂದು ಸೋಮವಾರ ಮಾಡಿ ನೋಡಲಿ. ಬಡಿಸುವಾಗ ಹಣ್ಣಿನ ಹೆಸರನ್ನೂ ಅದರ ಊರನ್ನೂ ಮಕ್ಕಳಿಗೆ ತಿಳಿಸಲಿ.