ವಿಷವನ್ನು ಸಾರುವ ಹಸುರು ಬೆಳಕು

ಗೋವಿಂದರಾಜನಗರಕ್ಕೆ ಹೆಚ್ಚು ದೂರವಲ್ಲದ ಮೈಸೂರು ರಸ್ತೆಯ ಮಗ್ಗುಲಲ್ಲಿ ಹರಿಯುವ ವೃಷಭಾವತಿಯ ನೀರು ಕೆಟ್ಟಿದೆಯೆಂದು ತಿಳಿಯಲು ಯಾವ ಉಪಕರಣವೂ ಬೇಡ. ಕಣ್ಣು ಮೂಗುಗಳೇ ಸಾಕು. ಆದರೆ ಎಲ್ಲ ವಿಷಗಳೂ ಹೀಗೆ ತಮ್ಮನ್ನು ತೋರಿಸಿಕೊಳ್ಳುವುದಿಲ್ಲ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಕಂಡುಬಂದ ಆರ್ಸೆನಿಕ್ಕು ನೀರಿಗೆ ಬಣ್ಣವನ್ನಾಗಲಿ ರುಚಿಯನ್ನಾಗಲಿ ಕೊಡುವಂಥದಲ್ಲ. ಒಂದು ಲೀಟರು ಕುಡಿಯುವ ನೀರಿನಲ್ಲಿ ಅದು ೧೦ ಮೈಕ್ರೋಗ್ರಾಮನ್ನು, ಎಂದರೆ ಒಂದು ಗ್ರಾಮಿನ ಲಕ್ಷದಲ್ಲೊಂದು ಪಾಲನ್ನು, ಮೀರಬಾರದು. ಇಷ್ಟು ಸೂಕ್ಷ್ಮವಾದುದನ್ನು ಪತ್ತೆಹಚ್ಚುವ ಕೆಲಸವನ್ನು ಬ್ಯಾಕ್ಟೀರಿಯಗಳಿಗೇ ವಹಿಸಬಹುದು.

ಅದು ಹೇಗೆ? ನಮ್ಮ ಕರುಳಿನಲ್ಲಿ ವಾಸಿಸುವ ಈ. ಕೋಲೈ ಎಂಬ ಬ್ಯಾಕ್ಟೀರಿಯದಲ್ಲಿ, ಒಳಹೊಕ್ಕ ಆರ್ಸೆನಿಕ್ಕನ್ನು ಹೊರದೂಡಲು ನೆರವಾಗುವ ಜೀನುಗಳುಂಟು. ವಿಷವಿಲ್ಲದಾಗ ಅವುಗಳ ಕೆಲಸ ವ್ಯರ್ಥವಷ್ಟೆ. ಆದುದರಿಂದ ಒಂದು ಪ್ರೋಟೀನು ಆ ಜೀನುಗಳ ಆರಂಭಸ್ಥಾನವನ್ನು ಹಿಡಿದು, ಬಾಗಿಲಿಗೆ ಹಾಕಿದ ಅಗುಳಿಯಂತೆ ಅವನ್ನು ತಡೆದಿರುತ್ತದೆ. ಆರ್ಸೆನಿಕ್ಕು ಬಂದು ಅಂಟಿದೊಡನೆ ಪ್ರೋಟೀನಿನ ಆಕಾರ ಮಾರ್ಪಡುತ್ತದೆ, ಅಗುಳಿ ಕಳಚುತ್ತದೆ, ಜೀನುಗಳು ಕೆಲಸಕ್ಕೆ ತೊಡಗುತ್ತವೆ. ಇದೇ ಅಗುಳಿಯ ಅಧೀನದಲ್ಲಿ ಹೊಳೆಯುವ ಪ್ರೋಟೀನಿನ ಜೀನನ್ನು ಜೋಡಿಸಿದರೆ, ವಿಷ ಬಂದ ಸುದ್ದಿ ಬೆಳಕಾಗಿ ಹೊರಬೀಳುತ್ತದೆ.

ಅಂಥ ಪ್ರೋಟೀನೊಂದನ್ನು ಶಾಂತಸಾಗರದ ಅಂಬಲಿ ಮೀನಿನಲ್ಲಿ ಕಂಡ ಸಂಗತಿಯನ್ನು ಒಸಾಮು ಶಿಮೊಮುರಾ ಮತ್ತು ಅವರ ಸಂಗಡಿಗರು ೧೯೬೨ರಲ್ಲಿ ಪ್ರಕಟಿಸಿದರು. ೧೯೯೨ರಲ್ಲಿ ಡಗ್ಲಸ್ ಪ್ರಾಷರರು ಅದರ ಜೀನನ್ನು ವಿವರಿಸಿದರು. ೧೯೯೪ರಲ್ಲಿ ಮಾರ್ಟಿನ್ ಚಾಲ್ಫಿ ಮತ್ತು ಸಹೋದ್ಯೋಗಿಗಳು ಅದೇ ಜೀನು ಬ್ಯಾಕ್ಟೀರಿಯದಲ್ಲಿಯೂ ಹೊಳಪನ್ನು ಕೊಡುವುದೆಂದು ತೋರಿಸಿದರು. ಶಿಮೊಮುರಾ, ಚಾಲ್ಫಿ ಮತ್ತು ರೋಜರ್ ತ್ಸಿಯೆನ್ ಈ ಮೂವರಿಗೆ ೨೦೦೮ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಈ ಹೊಳಪು ಮಿಣುಕುಹುಳುವಿನ ಬೆಳಕಿನಂಥದಲ್ಲ, ಇದು ಪ್ರತಿದೀಪ್ತಿ. ೪೭೫ ನ್ಯಾನೋಮೀಟರಿನ ಆಸುಪಾಸಿನ ನೀಲಿ ಬೆಳಕನ್ನು ಹೀರಿದ ಪ್ರೋಟೀನು ಶಕ್ತಿಯ ಅಲ್ಪಾಂಶವನ್ನು ಶಾಖವಾಗಿ ಕಳೆದುಕೊಂಡು, ಉಳಿದುದನ್ನು ಸುಮಾರು ೫೦೯ ನ್ಯಾನೋಮೀಟರಿನ ಹಸುರು ಬೆಳಕಾಗಿ ಹೊರಸೂಸುತ್ತದೆ. ಶಕ್ತಿ ಕಡಿಮೆಯಾದರೆ ತರಂಗದ ಉದ್ದ ಹೆಚ್ಚಬೇಕಲ್ಲವೇ? ಬಣ್ಣ ಬದಲಾಗುವುದರಿಂದಲೇ, ನೀಲಿಯನ್ನು ತಡೆಯುವ ಶೋಧಕದ ಮೂಲಕ ಹಸುರನ್ನು ಮಾತ್ರ ಅಳೆಯಲು ಸಾಧ್ಯ.

ಆದರೂ ಈ ಕಾವಲುಗಾರನ ಮಾತನ್ನು ಎಚ್ಚರದಿಂದ ಕೇಳಬೇಕು. ಪ್ರೋಟೀನು ರೂಪುಗೊಂಡು ಹೊಳೆಯಲು ಆಮ್ಲಜನಕವೂ ಕಾಲಾವಕಾಶವೂ ಬೇಕು. ವಿಷ ಅತಿಯಾದರೆ ಬ್ಯಾಕ್ಟೀರಿಯವೇ ಸತ್ತು ಬೆಳಕು ಮೂಡದು. ಆಗ ಕತ್ತಲೆಯನ್ನು ಕಂಡು ನೀರು ಶುದ್ಧವೆಂದು ತಿಳಿದರೆ ಕುಡಿದವರ ಗತಿಯೇನು? ಆದುದರಿಂದ ಅದೇ ನೀರಿಗೆ ಗೊತ್ತಾದ ಪ್ರಮಾಣದ ಆರ್ಸೆನಿಕ್ಕನ್ನು ಬೆರೆಸಿದ ಇನ್ನೊಂದು ನಳಿಕೆಯನ್ನೂ ಪರೀಕ್ಷಿಸಬೇಕು. ಅದು ಹೊಳೆದರೆ ಮಾತ್ರ ಮೊದಲನೆಯ ನಳಿಕೆಯ ಕತ್ತಲೆ ನಂಬಲರ್ಹ.